ಕಪ್ಪು ನುಂಗುವ ಪರದೆ

"ಕುರ್ಚಿ ಎಳೀಬೇಡಿ ಇನ್‌ಸ್ಪೆಕ್ಟರೇ, ಅದು ಬರಲ್ಲ. ಇದ್ದ ಹಾಗೇ ಕೂತ್ಕೊಳ್ಳಿ."

ನೆಗೆಟಿವ್ ಅಕ್ಕ ಹೇಳುವಷ್ಟರಲ್ಲಿ ಇನ್‌ಸ್ಪೆಕ್ಟರ್ ಅಚ್ಚುಮನೆಯ ಕಾವಲು ಕೋಣೆಯ ಕುರ್ಚಿಯನ್ನು ಎಳೆದೇ ಬಿಟ್ಟಿದ್ದ. ಕುರ್ಚಿ ಜಪ್ಪಯ್ಯ ಎಂದರೂ ಅಲುಗಲಿಲ್ಲ. ಬಗ್ಗಿ ನೋಡಿದರೆ ನಾಲ್ಕು ಕಾಲಿಗೂ ಬೋಲ್ಟು ಜಡಿದು ನೆಲಕ್ಕೆ ಬಿಗಿದಿದ್ದರು.

"ಇದೇನಕ್ಕಾ! ಕಾವಲುಗಾರನಿಗೆ ಕುರ್ಚಿ ಹಾಕಿದಾರೋ, ಕುರ್ಚಿಗೆ ಕಾವಲುಗಾರನ್ನ ಹಾಕಿದಾರೋ?"

ಬಾಗಿಲಲ್ಲಿ ನಿಂತಿದ್ದ ಪೇದೆ ಕಿಸಕ್ಕನೆ ನಕ್ಕ. ನೆಗೆಟಿವ್ ಅಕ್ಕ ನಗಲಿಲ್ಲ. ಬೇರೆ ದಿನವಾಗಿದ್ದರೆ ಇದಕ್ಕಿಂತ ಖಾರವಾದದ್ದೊಂದನ್ನು ತಾನೇ ಬಿಡುತ್ತಿದ್ದಳು. ಆದರೆ ಇದೇ ಅಚ್ಚುಮನೆಯ ಕಾಗದದ ಗೋದಾಮಿನಲ್ಲಿ, ಆಳೆತ್ತರದ ಕಾಗದದ ಉರುಳೆಯ ಅಡಿಯಲ್ಲಿ ಅವಳ ತಂಗಿ ಹೆಣವಾಗಿ ಸಿಕ್ಕಿ ಹನ್ನೊಂದು ದಿನವಾಗಿತ್ತು. ಅವತ್ತಿನಿಂದ ಅಕ್ಕನ ಒಳಗೆ ಎಲ್ಲವೂ ಮರಗಟ್ಟಿತ್ತು.

ಅಳು ಬಂದಿರಲಿಲ್ಲ. ಹಸಿವೂ ಬಂದಿರಲಿಲ್ಲ. ಮನೆಗೆ ಬಂದವರೆಲ್ಲ "ಅತ್ತುಬಿಡಮ್ಮ, ಹಗುರಾಗುತ್ತೆ" ಎಂದು ಬೆನ್ನು ಸವರಿ ಹೋಗಿದ್ದರು. ಸವರಿದ್ದು ಯಾರದೋ ಬೆನ್ನು ಎಂಬಂತೆ ಅವಳು ಕೂತಿದ್ದಳು. ಕೆಲಸ ಮಾತ್ರ ನಡೆಯುತ್ತಿತ್ತು, ಅದೂ ಅಭ್ಯಾಸಬಲದಿಂದ.

ಪೊಲೀಸ್ ಇಲಾಖೆಯ ಫೋಟೋ ವಿಭಾಗದಲ್ಲಿ ಇಪ್ಪತ್ತಾರು ವರ್ಷ ನೆಗೆಟಿವ್ ತೊಳೆದವಳು ಅವಳು. ಯಾರು ಏನು ಕೇಳಿದರೂ ಮೊದಲು "ಆಗಲ್ಲ" ಅನ್ನುತ್ತಿದ್ದುದರಿಂದ ಹೆಸರು ಇನ್ನೂ ಗಟ್ಟಿಯಾಗಿ ಅಂಟಿಕೊಂಡಿತ್ತು. ಕೆಲಸ ಬಿಟ್ಟು ಸ್ವಂತ ಪತ್ತೇದಾರಿಕೆ ಹಿಡಿದಮೇಲೂ ಅದು ಬಿಡಲಿಲ್ಲ. ಈ ಇನ್‌ಸ್ಪೆಕ್ಟರೂ ಒಂದು ಕಾಲದಲ್ಲಿ ಅವಳ ಕತ್ತಲೆಕೋಣೆಯಲ್ಲಿ ಬೈಸಿಕೊಂಡು ಬೆಳೆದವನೇ. ಇಬ್ಬರೇ ಇದ್ದಾಗ ಅವಳು ಅವನಿಗೆ ಏಕವಚನ, ನಾಲ್ಕು ಜನರ ಎದುರಿಗೆ ಅವನ ಟೋಪಿಗೆ ಮರ್ಯಾದೆ ಕೊಟ್ಟು ಬಹುವಚನ. ತಂಗಿಯ ಕೇಸಿಗೆ ನೀವು ತಲೆಹಾಕಬಾರದು ಅಂತ ಅವನು ಒಂದು ಸಲ ಹೇಳಿ ನೋಡಿದ್ದ. ಹೇಳಿದ್ದಕ್ಕೆ ತಾನೇ ನಾಚಿಕೊಂಡು ಸುಮ್ಮನಾಗಿದ್ದ.

"ಕುರ್ಚಿ ನನ್ನದೇ ಐಡಿಯಾ," ಎಂದ ಅಚ್ಚುಮನೆಯ ಮ್ಯಾನೇಜರ್. ಹೊಟ್ಟೆ ಮುಂದೆ, ಟೈ ಅದರ ಮೇಲೆ. "ರಾತ್ರಿ ಪಾಳಿಯವರು ಕುರ್ಚಿ ಮೂಲೆಗೆ ಎಳ್ಕೊಂಡು ಗೊರಕೆ ಹೊಡೀತಿದ್ರು. ಈಗ ಕದಲೋ ಹಾಗಿಲ್ಲ. ಸೀಟಿನ ಅಡೀಲಿ ಸ್ವಿಚ್ ಇದೆ. ಎದ್ದು ಅರ್ಧ ನಿಮಿಷ ಆದ್ರೆ ನನ್ನ ರೂಮಲ್ಲಿ ಗಂಟೆ ಹೊಡ್ಕೊಳ್ಳುತ್ತೆ."

"ಕೂತು ನೋಡಿ ಇನ್‌ಸ್ಪೆಕ್ಟರೇ," ಎಂದಳು ಅಕ್ಕ, ಅವನ ಮಾತು ಕೇಳಿಸದವಳಂತೆ.

ಇನ್‌ಸ್ಪೆಕ್ಟರ್ ಕೂತ. ಕುರ್ಚಿ ತೀರ ತಗ್ಗು, ಮೊಣಕಾಲು ಹೊಟ್ಟೆಗೆ ತಾಗುವಷ್ಟು. ಎದುರಿನ ಗೋಡೆಗೆ ಬೀಗದ ಕೈಗಳ ಕಪಾಟು. ಅದರ ಮೇಲೆ, ಸೂರಿಗೆ ಒಂದು ಗೇಣು ಬಿಟ್ಟು ಕಂಪ್ಯೂಟರ್ ಪರದೆ. ನೋಡಬೇಕಾದರೆ ಕತ್ತು ಎತ್ತಬೇಕು. ಕೋಣೆ ಎಷ್ಟು ಚಿಕ್ಕದೆಂದರೆ ಐದು ಜನ ಸೇರಿದ್ದಕ್ಕೆ ಗಾಳಿ ಸಾಲದೆ ಎಲ್ಲರ ಹಣೆಯೂ ಒದ್ದೆಯಾಗಿತ್ತು.

ಐದನೆಯವನು ಕಾವಲು ತಾತ. ಪೇದೆಯ ಪಕ್ಕದಲ್ಲಿ, ಇಸ್ತ್ರಿ ಮಾಡಿದ ಯೂನಿಫಾರ್ಮಿನಲ್ಲಿ, ಕೈಕಟ್ಟಿ ನಿಂತಿದ್ದ. ಇಪ್ಪತ್ತೆರಡು ವರ್ಷ ಇದೇ ಗೇಟಿನಲ್ಲಿ ಕಳೆದವನು. ಈಗ ಅವನನ್ನು ಸಂಜೆ ಐದಕ್ಕೆ ನ್ಯಾಯಾಧೀಶರ ಎದುರಿಗೆ ನಿಲ್ಲಿಸಿ ಜೈಲಿಗೆ ಕಳಿಸುವುದೊಂದು ಬಾಕಿ ಇತ್ತು. ಅವನ ಮೇಲಿನ ಆರೋಪ ಸರಳ: ಏಳನೇ ಕ್ಯಾಮೆರಾದಲ್ಲಿ ಕೊಲೆಗಾರ ಗೋದಾಮಿಗೆ ನಡೆದುಹೋಗುವುದು ಕಣ್ಣಿಗೆ ಕಟ್ಟುವ ಹಾಗೆ ಕಾಣುತ್ತದೆ, ಅದೇ ಹೊತ್ತಿನಲ್ಲಿ ಪರದೆಯ ಮುಂದೆ ಕೂತಿದ್ದ ತಾತ ಏನೂ ಕಾಣಲಿಲ್ಲ ಅನ್ನುತ್ತಾನೆ.

"ಅವತ್ತಿನ ರೆಕಾರ್ಡಿಂಗ್ ಹಾಕಿ," ಎಂದಳು ಅಕ್ಕ.

ಪರದೆಯಲ್ಲಿ ಗೋದಾಮಿನ ಓಣಿ ಮೂಡಿತು. ಎರಡೂ ಬದಿಗೆ ಕಾಗದದ ಉರುಳೆಗಳು, ನಡುವೆ ನಡೆಯಲು ದಾರಿ. ಮೇಲಿನ ದೀಪಗಳಲ್ಲಿ ಒಂದು ಬಿಟ್ಟು ಒಂದು ಉರಿಯುತ್ತಿದ್ದವು. ಮಟಮಟ ಮಧ್ಯಾಹ್ನವೂ ಅಲ್ಲಿ ಅರೆಗತ್ತಲೆ.

"ಮೂರು ಹತ್ತು," ಎಂದ ಇನ್‌ಸ್ಪೆಕ್ಟರ್, ಮೂಲೆಯ ಗಡಿಯಾರ ನೋಡುತ್ತ. ಸ್ಟೇಷನ್ನಿನಲ್ಲಿ ನಲವತ್ತು ಸಲ ನೋಡಿ ಬಾಯಿಪಾಠವಾಗಿತ್ತು. "ಈಗ ಬರ್ತಾನೆ ನೋಡಿ ಎಡಗಡೆಯಿಂದ."

ಯಾರೂ ಬರಲಿಲ್ಲ.

"ಬಂದ... ಎಲ್ಲಿ?" ಅವನು ಕಣ್ಣು ಕಿರಿದು ಮಾಡಿದ. ಮೂರು ಹನ್ನೊಂದಾಯಿತು, ಹನ್ನೆರಡಾಯಿತು. ಉರುಳೆಗಳು, ನೆರಳು, ಉರುಳೆಗಳು. "ಅಕ್ಕಾ, ಬೇರೆ ದಿನದ್ದು ಹಾಕಿಬಿಟ್ರಾ?"

"ನೀವೇ ಕೈಯಾರೆ ತಂದದ್ದು. ನಿಮ್ಮ ಪೇದೆ ಹಾಕಿದ್ದು."

"ಮತ್ತೆ ಆ ಮನುಷ್ಯ ಎಲ್ಲಿ ಹೋದ?"

"ಎಲ್ಲೂ ಹೋಗಿಲ್ಲ. ಆ ಸ್ಟೂಲ್ ಹತ್ತಿ ನಿಂತ್ಕೊಳ್ಳಿ. ಇನ್ನೊಂದು ಸಲ ಹಾಕ್ರಪ್ಪ, ಮೂರು ಹತ್ತರಿಂದ."

ಇನ್‌ಸ್ಪೆಕ್ಟರ್ ಬೂಟಿನ ಸಮೇತ ಸ್ಟೂಲ್ ಹತ್ತಿದ. ಈಗ ಪರದೆ ಅವನ ಮುಖದ ಸಮಕ್ಕೆ ಬಂತು. ಅವನ ಬಾಯಿ ಮೆಲ್ಲಗೆ ತೆರೆದುಕೊಂಡಿತು.

"ಅಯ್ಯೋ ಶಿವನೇ."

ಓಣಿಯಲ್ಲಿ ಒಂದು ಆಕಾರ ನಡೆದುಹೋಗುತ್ತಿತ್ತು. ಕಪ್ಪು ಬಟ್ಟೆ, ತಲೆಯ ಮೇಲೆ ಕಪ್ಪು ಮುಸುಕು, ಕ್ಯಾಮೆರಾಕ್ಕೆ ಬೆನ್ನು. ಅವಸರವಿಲ್ಲದ ನಡಿಗೆ. ಓಣಿಯ ನಡುವೆ ಒಮ್ಮೆ ನಿಂತು, ಏನನ್ನೋ ಆಲಿಸಿದ ಹಾಗೆ ಮಾಡಿ, ಕೊನೆಯಲ್ಲಿ ಬಲಕ್ಕೆ ತಿರುಗಿ ಮರೆಯಾಯಿತು. ಆ ಬಲಕ್ಕೆ ತಿರುಗಿದಲ್ಲೇ ಒಂದು ಗಂಟೆ ಕಳೆದ ಮೇಲೆ ತಂಗಿಯ ಹೆಣ ಸಿಕ್ಕಿದ್ದು. ಅವಳು ಯಾವಾಗ, ಯಾವ ಬಾಗಿಲಿಂದ ಅಲ್ಲಿಗೆ ಹೋದಳು ಎಂಬುದನ್ನು ಯಾವ ಕ್ಯಾಮೆರಾವೂ ಹೇಳಲಿಲ್ಲ.

ಅಷ್ಟರಲ್ಲಿ ಹೊರಗಿನ ಓಣಿಯ ಆಚೆ ಮ್ಯಾನೇಜರನ ಕೋಣೆಯಲ್ಲಿ ಗಂಟೆ ಲಬೋ ಲಬೋ ಎಂದು ಹೊಡೆದುಕೊಳ್ಳತೊಡಗಿತು. ಯಾರೂ ಹೋಗಿ ನಿಲ್ಲಿಸಲಿಲ್ಲ. ಇನ್‌ಸ್ಪೆಕ್ಟರ್ ಸ್ಟೂಲಿನಿಂದ ಇಳಿದು ಮತ್ತೆ ಕುರ್ಚಿಯಲ್ಲಿ ಕೂತು ನೋಡಿದ. ಆಕಾರ ಮಾಯ. ಎದ್ದು ನೋಡಿದ. ಪ್ರತ್ಯಕ್ಷ.

"ಇದೇನು ಕಣ್ಕಟ್ಟು?"

"ಕಣ್ಕಟ್ಟೂ ಇಲ್ಲ ಮಣ್ಣೂ ಇಲ್ಲ. ಪರದೆಯ ಬಗೆ ಅದು." ಅಕ್ಕ ಪಾಠ ಒಪ್ಪಿಸುವವಳ ಹಾಗೆ ಹೇಳಿದಳು, ದನಿಯಲ್ಲಿ ಏರೂ ಇಲ್ಲ ಇಳಿವೂ ಇಲ್ಲ. "ನಿಮ್ಮ ಸ್ಟೇಷನ್‌ನಲ್ಲಿ ಇರೋದು ಐಪಿಎಸ್ ಅನ್ನೋ ಬಗೆ. ಮೇಲಿಂದ ನೋಡಿ, ಪಕ್ಕದಿಂದ ನೋಡಿ, ಮಂಚದ ಮೇಲೆ ಮಲಗಿ ನೋಡಿ, ಚಿತ್ರ ಅದೇ. ಇದು ಟಿಎನ್. ನೆಟ್ಟಗೆ ಎದುರಿಗೆ ಕೂತ್ರೆ ಮಾತ್ರ ಸರಿಯಾಗಿ ತೋರಿಸುತ್ತೆ. ಕೆಳಗಿಂದ ನೋಡಿದ್ರೆ ಕಪ್ಪು, ಕಡುಕಂದು, ಗಾಢ ಬೂದಿ ಎಲ್ಲಾ ಕಲಸಿ ಒಂದೇ ಮಸಿ. ನಿಮ್ಮ ಪರದೇಲಿ ನೀವು ನೋಡಿದ್ರಿ. ನೋಡಿ ತಾತನ ಕಣ್ಣಿಗೆ ಬೈದ್ರಿ."

ಇನ್‌ಸ್ಪೆಕ್ಟರ್ ಟೋಪಿ ತೆಗೆದು ತಲೆ ಕೆರೆದುಕೊಂಡ. ಕುರುಡನಿಗೂ ಕಾಣುತ್ತೆ ಕಣೋ ಮುದುಕಾ ಎಂದು ತಾನೇ ಎರಡು ದಿನ ಕೂಗಾಡಿದ್ದು ಅವನಿಗೆ ನೆನಪಿತ್ತು.

"ತಾತ," ಎಂದಳು ಅಕ್ಕ, "ಕಾಣ್ಲಿಲ್ಲ ಅಂತ ನೀವು ಹೇಳಿದ್ದು ನಿಜ. ನಾನು ನಂಬ್ತೀನಿ."

ತಾತನ ಮುಖದಲ್ಲಿ ಸಮಾಧಾನ ಮೂಡಬೇಕಿತ್ತು. ಮೂಡಲಿಲ್ಲ. "ನನ್ನ ಪಾಳೀಲಿ ಆಗಿದ್ದು ತಾಯಿ. ತಪ್ಪು ನಂದೇ," ಎಂದ. ಹನ್ನೊಂದು ದಿನದಿಂದ ಇದೊಂದೇ ಮಾತು.

ಅಕ್ಕ ಅವನನ್ನು ಉಳಿಸಲು ಬಂದವಳಲ್ಲ. ಮನೆಯಲ್ಲಿ ಅಮ್ಮ ದಿನಬೆಳಗಾದರೆ ಆ ಮುದುಕನ ಕಣ್ಣು ಇಂಗಿಹೋಗಲಿ ಎಂದು ಹಿಡಿಶಾಪ ಹಾಕುತ್ತಿದ್ದಳು. ಅದಕ್ಕೂ ಅಕ್ಕ ಹೂಂ ಅಂದಿರಲಿಲ್ಲ, ಊಹೂಂ ಅಂದಿರಲಿಲ್ಲ. ಅವಳಿಗೆ ಬೇಕಾಗಿದ್ದು ಒಂದೇ: ಆ ಕಪ್ಪು ಬಟ್ಟೆಯವನ ದಾರಿಯಲ್ಲಿ ತಾತನ ಕಣ್ಣಿಗೆ ಪಟ್ಟಿ ಕಟ್ಟಿದ್ದು ಯಾರು?

ಯಾಕೆಂದರೆ ಕಟ್ಟಿದವರಿಗೆ ಎಲ್ಲ ಗೊತ್ತಿತ್ತು. ಕುರ್ಚಿ ಕದಲುವುದಿಲ್ಲ ಎಂದು ಗೊತ್ತಿತ್ತು. ತಾತ ಏಳುವಂತಿಲ್ಲ ಎಂದು ಗೊತ್ತಿತ್ತು. ಪರದೆ ಎಷ್ಟು ಎತ್ತರದಲ್ಲಿದೆ, ಕಣ್ಣು ಎಷ್ಟು ತಗ್ಗಿನಲ್ಲಿದೆ ಎಂದೂ ಗೊತ್ತಿತ್ತು.

ಅವಳು ಸ್ಟೂಲ್ ಹತ್ತಿ ಪರದೆಯ ಬೆನ್ನಿನ ಚೀಟಿಯ ಫೋಟೋವನ್ನು ಫೋನಿನಲ್ಲಿ ಹಿಡಿದುಕೊಂಡಳು. "ಇದು ಯಾವಾಗ ಬಂತು ಮ್ಯಾನೇಜರೇ?"

"ಮೂರು ವಾರ ಆಯ್ತು. ಹಳೇದು ಕೆಟ್ಟೋಯ್ತು ಅಂದ್ರು, ಹೊಸದು ಬಂತು."

"ಯಾರು ಆರಿಸಿದ್ದು?"

"ಅದೆಲ್ಲಾ ನಂಗೇನು ಗೊತ್ತು ಮೇಡಂ? ದಿನಕ್ಕೆ ನೂರು ಕಾಗದಕ್ಕೆ ಸಹಿ ಜಡೀತೀನಿ, ಇದಕ್ಕೂ ಜಡಿದೆ." ಅವನು ಕರವಸ್ತ್ರದಿಂದ ಕತ್ತು ಒರೆಸಿಕೊಂಡ. ಈಗಾಗಲೇ ಎರಡು ಸಲ ಒರೆಸಿಕೊಂಡಾಗಿತ್ತು. "ಅಂಗಡಿಯವರನ್ನೇ ಕೇಳಿ. ಒಂದು ಪರದೆಗೆ ಇಷ್ಟೊಂದು ರಾದ್ಧಾಂತ ಯಾಕೋ."

"ಒಂದು ನಿಮಿಷ ಅಕ್ಕಾ." ಇನ್‌ಸ್ಪೆಕ್ಟರ್ ಕಪಾಟಿನ ಪಕ್ಕದ ಮೊಳೆಗೆ ತೂಗುಹಾಕಿದ್ದ ದಪ್ಪ ಪುಸ್ತಕವನ್ನು ಬಿಚ್ಚಿದ. ಪೇಚಾಡುತ್ತಿದ್ದ ಅವನ ಮುಖ ಮತ್ತೆ ಪೊಲೀಸ್ ಮುಖವಾಗಿತ್ತು. "ಇದು ತಾತನ ಪಾಳಿ ಪುಸ್ತಕ. ಸ್ವಂತ ಕೈಬರಹ. ಕೇಳಿ. 'ಫ್ಯಾನು ಕಿರಗುಟ್ಟುತ್ತಿದೆ.' 'ಎರಡನೇ ಕ್ಯಾಮೆರಾ ಮೇಲೆ ಜೇಡ ಬಲೆ ಕಟ್ಟಿದೆ.' 'ಗೇಟಿನ ಚಿಲಕ ಬಿಗಿ.' ಜೇಡಾನೂ ಬಿಟ್ಟಿಲ್ಲ ಈ ಮಹಾನುಭಾವ. ಹೊಸ ಪರದೆ ಬಂದು ಮೂರು ವಾರ. ಅರ್ಧ ಗೋದಾಮು ಮಸಿಯಾಗಿ ಕಾಣ್ತಿದೆ ಅಂತ ಒಂದು ಸಾಲು ಇದೆಯಾ? ಎಲ್ಲಿದೆ ತೋರಿಸಿ."

ಅಕ್ಕ ಪುಸ್ತಕ ತೆಗೆದುಕೊಂಡು ತಿರುವಿದಳು. ಇರಲಿಲ್ಲ.

"ಕಾಣ್ಲಿಲ್ಲ ಅನ್ನೋದು ನಿಜ, ಒಪ್ಪಿದೆ," ಎಂದ ಇನ್‌ಸ್ಪೆಕ್ಟರ್. "ಕಾಣಲ್ಲ ಅಂತ ಇವನಿಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ದ. ಅಂದ್ಮೇಲೆ ಸಾಕ್ಷಿ ಅಲ್ಲ ಇವನು, ಪಾಲುದಾರ."

ಮ್ಯಾನೇಜರನ ಕೋಣೆಯ ಗಂಟೆ ಇನ್ನೂ ಹೊಡೆದುಕೊಳ್ಳುತ್ತಲೇ ಇತ್ತು.

"ತಾತ," ಎಂದಳು ಅಕ್ಕ. "ಇವರು ಹೇಳ್ತಿರೋದು ಸರೀನಾ?"

ತಾತ ನೆಲ ನೋಡುತ್ತ ನಿಂತ.

"ಯಾರು ಬಾಯಿ ಮುಚ್ಚಿಸಿದ್ದು? ಹೆದರಿಸಿದ್ರಾ?"

"ಯಾರೂ ಹೆದರ್ಸಿಲ್ಲ."

"ಮತ್ತೆ ಯಾರನ್ನ ಉಳಿಸ್ತಿದೀರಿ? ಸತ್ತಿರೋಳು ನನ್ನ ತಂಗಿ ತಾತ. ದಿನಾ ಬೆಳಿಗ್ಗೆ ಗೇಟಲ್ಲಿ ನಿಮ್ಮನ್ನ ಮಾತಾಡಿಸದೆ ಒಳಗೆ ಹೋಗ್ತಿರಲಿಲ್ಲ ಅವಳು. ಅವಳಿಗೋಸ್ಕರನಾದ್ರೂ ಹೇಳಿ."

ತಾತ ತಲೆಯೆತ್ತಿದಾಗ ಕಣ್ಣಲ್ಲಿ ನೀರಿತ್ತು. ಅಕ್ಕ ಅದನ್ನು ನೋಡಿದಳು, ಇವನಿಗಾದರೂ ಬಂತಲ್ಲ ಎಂದುಕೊಂಡಳು. ಅಷ್ಟೇ.

"ಹುಡುಕ್ಬೇಡಿ ತಾಯಿ," ಎಂದ ತಾತ. "ನಿಮ್ಮ ಕಾಲಿಗೆ ಬೀಳ್ತೀನಿ. ಇದನ್ನ ಆರ್ಸಿದ್ಯಾರು ಅಂತ ನೀವು ಹುಡುಕ್ಬೇಡಿ. ನನ್ನನ್ನೇ ಕರ್ಕೊಂಡು ಹೋಗ್ಲಿ. ನಂಗೇನು, ಹಿಂದಿಲ್ಲ ಮುಂದಿಲ್ಲ."

ಮ್ಯಾನೇಜರ್ ಮೂರನೇ ಸಲ ಕತ್ತು ಒರೆಸಿಕೊಂಡ.

ಇನ್‌ಸ್ಪೆಕ್ಟರ್ ಅಕ್ಕನನ್ನು ಹೊರಗಿನ ಓಣಿಗೆ ಕರೆದ. ಆಚೆ ಅಚ್ಚುಯಂತ್ರಗಳು ಒಂದೇ ಸಮ ಗಡಗಡ ಎನ್ನುತ್ತಿದ್ದವು. ದೊಡ್ಡ ದೀಪದ ಮೇಜೊಂದು ಖಾಲಿ ಇತ್ತು. ಅಚ್ಚಾದ ಹಾಳೆಯನ್ನು ಅದರ ಮೇಲೆ ಹರಡಿ ಬಣ್ಣ ಸರಿಯಿದೆಯೇ ಎಂದು ತೀರ್ಪು ಕೊಡುವುದು ಅವಳ ತಂಗಿಯ ಕೆಲಸವಾಗಿತ್ತು. ಅವಳು ತಲೆಯಾಡಿಸದೆ ಇಲ್ಲಿಂದ ಒಂದು ಹಾಳೆಯೂ ಹೊರಗೆ ಹೋಗುತ್ತಿರಲಿಲ್ಲ. ಅಕ್ಕ ಆ ಮೇಜಿನ ಕಡೆ ನೋಡಿದಳು. ಏನೂ ಅನ್ನಿಸಲಿಲ್ಲ. ಅನ್ನಿಸದಿದ್ದುದಕ್ಕೆ ತನ್ನ ಮೇಲೆ ತನಗೇ ಬೇಸರವಾಗಬೇಕಿತ್ತು, ಅದೂ ಆಗಲಿಲ್ಲ.

"ಅಕ್ಕಾ, ನೇರವಾಗಿ ಹೇಳ್ತೀನಿ. ಪರದೆ ಆರಿಸಿದವರು ಯಾರೋ ಅವರೇ ಕೊಲೆಗೆ ದಾರಿ ಮಾಡಿದವರು. ಆ ಹೆಸರು ಐದು ಗಂಟೆಯೊಳಗೆ ಕೊಡಿ. ತಾತನ್ನ ಮನೆಗೆ ಕಳಿಸಿ ಆ ಜನರನ್ನ ಎಳ್ಕೊಂಡು ಬರ್ತೀನಿ. ಇಲ್ಲಾಂದ್ರೆ ನನ್ನ ಕೈಲಿರೋದು ಇವನೊಬ್ಬನೇ, ಮೇಲಿನವರು ನನ್ನ ಜೀವ ಹಿಂಡ್ತಿದಾರೆ."

"ಜೈಲಿಗೆ ಹೋದ್ರೆ ಆ ಮುದುಕ ವಾಪಸ್ ಬರ್ತಾನೇನೋ? ಅವನ ವಯಸ್ಸು ನೋಡಿದೀಯಾ?"

"ನೋಡಿದೀನಿ. ಅದಕ್ಕೇ ಐದರ ತನಕ ಅಂತಿದೀನಿ." ಅವನು ತಡೆದು ತಡೆದು ಹೇಳಿದ: "ಇನ್ನೊಂದು ಮಾತು. ಪೇಪರಿನವರು ಬೇರೆ ಕಥೆ ಕಟ್ತಿದಾರೆ. ಬಣ್ಣ ನೋಡೋಳಿಗೆ ಗೋದಾಮಿನ ಮೂಲೇಲಿ ಏನು ಕೆಲಸ ಅಂತ."

"ಗೊತ್ತು," ಎಂದಳು ಅಕ್ಕ. ಬೀದಿಯ ಜನರ ಬಾಯಲ್ಲೂ ಅದೇ ಮಾತು. ಅದನ್ನು ಕೇಳಿದ ದಿನದಿಂದ ಅಮ್ಮ ಹೊಸ್ತಿಲು ದಾಟಿರಲಿಲ್ಲ. "ಅವಳ ಬಗ್ಗೆ ಯಾವನಾದ್ರೂ ನಾಲಿಗೆ ಹರಿಬಿಟ್ರೆ ಅವನ ಮುಂದೆ ನಿಜಾನ ಇಡೋದು ನನ್ನ ಕೆಲಸ. ನೀನು ಐದರ ತನಕ ತಾತನ್ನ ಮುಟ್ಟಬೇಡ."

ಪರದೆಯ ಬೆನ್ನಿನ ಚೀಟಿಯಲ್ಲಿ ವಿಳಾಸವಿದ್ದ ಅಂಗಡಿ ಕಾಲುಗಂಟೆಯ ನಡಿಗೆ. ಇಕ್ಕಟ್ಟಿನ ಬೀದಿ, ಎರಡೂ ಬದಿಗೆ ಕಂಪ್ಯೂಟರ್ ಅಂಗಡಿಗಳು, ಬಾಗಿಲ ಮುಂದೆ ಖಾಲಿ ರಟ್ಟಿನ ಪೆಟ್ಟಿಗೆಗಳ ರಾಶಿ. ಮೆಟ್ಟಿಲು ಹತ್ತಿ ಮೊದಲನೇ ಮಹಡಿಗೆ ಹೋದರೆ ಉದ್ದದ ಕೋಣೆ. ಗೋಡೆಯುದ್ದಕ್ಕೂ ಪರದೆಗಳ ಸಾಲು. ಎಲ್ಲದರಲ್ಲೂ ಒಂದೇ ಹೂವು, ಒಂದೇ ಹೊತ್ತಿಗೆ ಅರಳಿ ಒಂದೇ ಹೊತ್ತಿಗೆ ಮುದುಡುತ್ತಿತ್ತು.

ಹೆಗಲ ಮೇಲೆ ಒರೆಸುವ ಬಟ್ಟೆ ಹಾಕಿಕೊಂಡಿದ್ದ ಅಂಗಡಿಯವನು ಅವಳನ್ನು ಕಂಡವನೇ "ಓಹ್, ಬನ್ನಿ ಬನ್ನಿ!" ಎಂದು ಎದ್ದ. ಹತ್ತಿರ ಬಂದಮೇಲೆ ಯಾಕೋ ತಡವರಿಸಿ ಕನ್ನಡಕ ಸರಿಮಾಡಿಕೊಂಡ. "ಯಾರೋ ಅಂದ್ಕೊಂಡೆ. ಪರವಾಗಿಲ್ಲ, ಬನ್ನಿ ಅಮ್ಮ. ಯಾವ ಕೆಲಸಕ್ಕೆ ಬೇಕು? ಅದನ್ನ ಹೇಳಿ ಮೊದಲು. ಜನ ಬಂದು ಅಳತೆ ಕೇಳ್ತಾರೆ. ಅಳತೆ ಆಮೇಲೆ, ಒಳಗಿನ ಗುಣ ನೋಡಬೇಕು."

"ನಾನು—"

"ಇದು ನೋಡಿ ಐಪಿಎಸ್. ಮನೆಮಂದಿ ಸುತ್ತ ಕೂತು ನೋಡಿದ್ರೂ ಯಾರಿಗೂ ಮೋಸ ಮಾಡಲ್ಲ. ಫೋಟೋ, ಅಚ್ಚಿನ ಕೆಲಸದವರು ಇದನ್ನ ಬಿಟ್ಟು ಬೇರೆ ಮುಟ್ಟಲ್ಲ. ಕಪ್ಪು ಮಾತ್ರ ಸ್ವಲ್ಪ ಬೂದು ಹೊಡೆಯುತ್ತೆ. ಇದು ವಿಎ. ಕಪ್ಪು ಅಂದ್ರೆ ಕಪ್ಪು, ಸಿನಿಮಾ ನೋಡೋರಿಗೆ. ಪಕ್ಕಕ್ಕೆ ಬಂದ್ರೆ ಬಣ್ಣ ಒಂಚೂರು ಸಪ್ಪೆ. ಓಲೆಡ್ ಬೇಕಾ? ಅದರ ಗತ್ತೇ ಬೇರೆ, ಕಪ್ಪು ಬಂದಲ್ಲಿ ದೀಪಾನೇ ಆರಿಸಿಬಿಡುತ್ತೆ. ಆದ್ರೆ ಒಂದೇ ಚಿತ್ರ ದಿನಗಟ್ಟಲೆ ಬಿಟ್ರೆ ಅದರ ಗುರುತು ಉಳಿದುಬಿಡುತ್ತೆ."

ಇವನನ್ನು ಮಾತಾಡಲು ಬಿಟ್ಟರೆ ಐದು ಗಂಟೆ ಇಲ್ಲೇ ಹೊಡೆಯುತ್ತದೆ ಎಂದು ಅಕ್ಕ ಫೋನನ್ನು ಅವನ ಮೂಗಿನ ಮುಂದೆ ಹಿಡಿದಳು. "ಈ ಮಾಡೆಲ್ ನೀವು ಮಾರಿದ್ದಾ?"

ಅವನು ಚೀಟಿಯ ಅಂಕಿಗಳನ್ನು ಓದಿದ. ಮುಖ ಅರಳಿತು.

"ಇದಾ! ಇದನ್ನ ಮರೆಯೋಕಾಗುತ್ತಾ? ನನ್ನ ಸರ್ವೀಸಿನಲ್ಲೇ ಇಂಥ ವ್ಯಾಪಾರ ಮಾಡಿಲ್ಲ ಅಮ್ಮ. ಎಲ್ಲರೂ ಒಳ್ಳೆಯದು ಯಾವುದು ಅಂತ ಹುಡುಕಿದ್ರೆ, ಇವರು ಕೆಟ್ಟದ್ದನ್ನ ಹುಡುಕಿ ಹುಡುಕಿ ಆರಿಸಿದ್ರು!"

"ಹೇಗೆ?"

"ಎರಡು ಗಂಟೆ ಇದ್ರು ಇಲ್ಲಿ. ಒಂದು ಕತ್ತಲೆ ಜಾಗದ ಫೋಟೋ ತಂದಿದ್ರು, ಏನೋ ದೊಡ್ಡ ದೊಡ್ಡ ಸುರುಳಿಗಳು. ಅದನ್ನೇ ಎಲ್ಲಾ ಪರದೆಗೂ ಹಾಕಿಸಿದ್ರು. ಆಮೇಲೆ ಅಳತೆ ಟೇಪು ತೆಗೆದು, ಇಷ್ಟು ಎತ್ತರಕ್ಕೆ ಇಡಿ ಅಂತ ಆ ಮೇಲಿನ ಹಲಗೆ ಮೇಲೆ ಇಡಿಸಿದ್ರು. ಇಟ್ಟಮೇಲೆ ಏನು ಮಾಡಿದ್ರು ಗೊತ್ತಾ? ಕೆಳಗೆ, ಇಲ್ಲೇ, ಕುಕ್ಕರುಗಾಲಲ್ಲಿ ಕೂತು ಕತ್ತೆತ್ತಿ ನೋಡೋದು. ಇದರಲ್ಲಿ ಕಾಣುತ್ತೆ, ಬೇಡ. ಇದರಲ್ಲೂ ಕಾಣುತ್ತೆ, ಬೇಡ. ನಂಗೆ ತಲೆ ಕೆಟ್ಟು ಗೊಬ್ಬರ ಆಗೋಯ್ತು. ಕೊನೆಗೆ ಗೋಡೌನಿಂದ ಹಳೇ ಟಿಎನ್ ಮಾಲು ತೆಗೆಸಿದೆ. ಅದನ್ನ ನೋಡಿದವರೇ, ಹಾಂ, ಇದು ಅಂದ್ರು."

ಮ್ಯಾನೇಜರನ ಹೊಟ್ಟೆ ಅಕ್ಕನ ಕಣ್ಣ ಮುಂದೆ ಬಂತು. ಆ ಹೊಟ್ಟೆ ಹೊತ್ತವನು ಕುಕ್ಕರುಗಾಲಲ್ಲಿ ಎರಡು ಗಂಟೆ ಕೂತಾನೆಯೇ?

"ದಪ್ಪ ಇದ್ರಾ? ಟೈ ಹಾಕಿದ್ರಾ?"

"ಗಂಡಸಲ್ಲ ಅಮ್ಮ. ಹೆಂಗಸು."

ಅಕ್ಕ ಫೋನನ್ನು ಕೈಯಿಂದ ಕೈಗೆ ಬದಲಾಯಿಸಿದಳು. "ಒಬ್ರೇ ಬಂದಿದ್ರಾ?"

"ಒಬ್ಬರು ವಯಸ್ಸಾದವರು ಜೊತೆಗಿದ್ರು. ಯೂನಿಫಾರ್ಮು, ಇಸ್ತ್ರಿ ಅಂದ್ರೆ ಇಸ್ತ್ರಿ. ಒಳಗೆ ಬನ್ನಿ ಅಂದ್ರೂ ಬರಲಿಲ್ಲ, ಬಾಗಿಲಲ್ಲೇ ನಿಂತಿದ್ರು. ಬೇಡ ತಾಯಿ, ನನ್ನ ಕೆಲಸಕ್ಕೆ ಸಂಚಕಾರ ಬರುತ್ತೆ ಅಂತ ಬೇಡ್ಕೊಳ್ತಿದ್ರು ಪಾಪ. ಅದಕ್ಕೆ ಆಯಮ್ಮ, ಹತ್ತೇ ಹತ್ತು ದಿನ ತಾತ, ಆಮೇಲೆ ನಾನೇ ಒಳ್ಳೇದು ತಂದು ಹಾಕ್ತೀನಿ, ನಿಮ್ಮ ಮೇಲೆ ಯಾರೂ ಬೆರಳು ತೋರಿಸದ ಹಾಗೆ ನೋಡ್ಕೊಳ್ತೀನಿ ಅಂದ್ರು."

ಹಾಗಾದರೆ ತಾತ ಹೆದರಿ ಸುಮ್ಮನಿದ್ದದ್ದಲ್ಲ. ಮಾತು ಕೊಟ್ಟು ಸುಮ್ಮನಿದ್ದದ್ದು. ಆ ಮಾತಿಗಾಗಿ ಜೈಲಿಗೂ ಹೊರಟಿದ್ದಾನೆ. ಕೊಲೆಗಾರ್ತಿಗೆ ಯಾರಾದರೂ ಅಂಥ ಮಾತು ಕೊಡುತ್ತಾರೆಯೇ?

"ಯಾರು ಆ ಹೆಂಗಸು?" ಅಕ್ಕ ಕೇಳಿದಳು. "ಹೆಸರು ಹೇಳಿ."

ಅಂಗಡಿಯವನು ನಕ್ಕ. ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡ ಹಾಗಿತ್ತು.

"ನೀವು ಮೆಟ್ಟಿಲು ಹತ್ತಿ ಬಂದಾಗ ಅವರೇ ಬಂದ್ರು ಅಂದ್ಕೊಂಡೆನಲ್ಲಮ್ಮ ನಾನು! ಅದೇ ಮೂಗು, ಅದೇ ಹಣೆ. ಅವರು ಸ್ವಲ್ಪ ಸಣ್ಣ, ಅಷ್ಟೇ. ಅಚ್ಚುಮನೇಲಿ ಬಣ್ಣ ನೋಡ್ತಾರಲ್ಲ. ಅಕ್ಕತಂಗೀರು ತಾನೇ ನೀವು? ಹೇಗಿದಾರೆ ಅವರು? ಆಮೇಲೆ ಈ ಕಡೆ ತಲೆ ಹಾಕಲೇ ಇಲ್ಲ."

ಪರದೆಗಳಲ್ಲಿ ಹೂವು ಅರಳಿ, ಮುದುಡಿ, ಮತ್ತೆ ಅರಳಿತು.

"ಇದನ್ನ ಎತ್ತಿಡಿ, ಒಳ್ಳೆಯದೊಂದು, ಬೇರೆ ಯಾರಿಗೂ ಕೊಡಬೇಡಿ ಅಂದಿದ್ರು." ಅವನು ಮೇಜಿನ ಕೆಳಗಿಂದ ಒಂದು ಪೆಟ್ಟಿಗೆ ಎಳೆದು ಬಟ್ಟೆಯಿಂದ ಧೂಳು ಒರೆಸಿದ. ರಟ್ಟಿನ ಮೇಲೆ ದಪ್ಪ ಪೆನ್ನಿನಲ್ಲಿ ಬರೆದಿತ್ತು: ತಾತನಿಗೆ. ಅಕ್ಷರ ತಂಗಿಯದು. ಒತ್ತಿ ಬರೆಯುವ, ತಲೆಕಟ್ಟನ್ನು ಬೇಕೆಂದೇ ಉದ್ದ ಎಳೆಯುವ ಅದೇ ಕೈ.

ಹನ್ನೊಂದು ದಿನದ ಮೇಲೆ ಅಕ್ಕನಿಗೆ ಮೊದಲ ಬಾರಿಗೆ ಏನೋ ಅನ್ನಿಸಿತು. ಅದು ದುಃಖವಲ್ಲ. ಭಯ.

ಒಂದೇ ಮನೆ, ಒಂದೇ ಕೋಣೆ, ನಲವತ್ತು ವರ್ಷ. ರಾತ್ರಿ ಅವಳು ಮಗ್ಗುಲು ಬದಲಾಯಿಸಿದರೆ ಇವಳಿಗೆ ಗೊತ್ತಾಗುತ್ತಿತ್ತು. ಅಂಥವಳು ಟೇಪು ಹಿಡಿದು ಇಲ್ಲಿಗೆ ಬಂದು, ಈ ನೆಲದ ಮೇಲೆ ಕೂತು, ಯಾರನ್ನೋ ಗೋದಾಮಿಗೆ ಕಾಣದ ಹಾಗೆ ಬರಮಾಡಿಕೊಳ್ಳಲು ದಾರಿ ಮಾಡಿದ್ದಳು. ಬಂದವನು ಅವಳನ್ನು ಜೀವಂತ ಬಿಡಲಿಲ್ಲ. ಯಾರಿಗಾಗಿ ಮಾಡಿದೆಯೇ? ನನಗೊಂದು ಮಾತು ಹೇಳಬಾರದಿತ್ತೇ, ಪಾಪಿ?

ಫೋನು ಗುಂಯ್ಯೆಂದಿತು. ಇನ್‌ಸ್ಪೆಕ್ಟರ್.

"ಅಕ್ಕಾ, ಐದಾಗೋಕೆ ಹತ್ತು ನಿಮಿಷ. ಜೀಪಿನ ಹತ್ರ ನಿಂತಿದೀನಿ. ತಾತ ಒಂದು ತೊಟ್ಟು ನೀರೂ ಕುಡೀತಿಲ್ಲ. ಅಂಗಡಿಯವನು ಏನಂದ? ಹೆಸರು ಸಿಕ್ತಾ?"

ಹೆಸರು ಬಾಯಿ ತುದಿಯಲ್ಲಿತ್ತು. ಅದನ್ನು ಹೇಳಿದರೆ ತಾತ ಈಗಲೇ ಮನೆಗೆ ಹೋಗುತ್ತಾನೆ. ನಾಳೆ ಬೆಳಿಗ್ಗೆ ಅದೇ ಹೆಸರು ಪೇಪರಿನಲ್ಲಿ, ಬೀದಿಯಲ್ಲಿ, ಅಮ್ಮನ ಕಿವಿಯಲ್ಲಿ: ತನ್ನ ಕೊಲೆಗೆ ತಾನೇ ಬಾಗಿಲು ತೆರೆದವಳು, ಯಾರನ್ನೋ ಕದ್ದು ಕಾಣಲು ಹೊರಟವಳು.

"ಅಕ್ಕಾ? ಲೈನಲ್ಲಿದೀರಾ?"

"ಇದೀನಿ."

"ಯಾರು ಆರಿಸಿದ್ದು?"

ಇಪ್ಪತ್ತಾರು ವರ್ಷದ ಸರ್ಕಾರಿ ಕೆಲಸದಲ್ಲಿ ಒಂದು ಚಿತ್ರವನ್ನೂ ತಿದ್ದದವಳು ಪೆಟ್ಟಿಗೆಯ ಮೇಲಿನ ಅಕ್ಷರಗಳನ್ನು ಅಂಗೈಯಿಂದ ಮುಚ್ಚಿದಳು.

"ಗೊತ್ತಾಗಲಿಲ್ಲ ಕಣಪ್ಪ," ಎಂದಳು. "ಅಂಗಡಿಯವರಿಗೆ ನೆನಪಿಲ್ಲವಂತೆ."

ಎದುರಿಗೆ ನಿಂತಿದ್ದ ಅಂಗಡಿಯವನು ಬಾಯಿ ತೆರೆದು ಹಾಗೇ ನಿಂತ.

ಆ ಕಡೆಯಿಂದ ನಿಟ್ಟುಸಿರು ಬಂತು. "ಸರಿ ಬಿಡಿ. ನನಗೂ ಬೇರೆ ದಾರಿ ಇಲ್ಲ. ತಾತನ್ನ ಕರ್ಕೊಂಡು ಹೋಗ್ತೀನಿ."

"ಹೂಂ," ಎಂದಳು ನೆಗೆಟಿವ್ ಅಕ್ಕ. "ಕರ್ಕೊಂಡು ಹೋಗು."